ಪೀಬೆರಿಯಷ್ಟು ದುಂಡಗಿನ ತೂತು

ಇಪ್ಪತ್ತಮೂರು ವರ್ಷಗಳ ಹಿಂದೆ, ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನ ಗೇಟಿನ ಹೊರಗೆ, ಮಧ್ಯಾಹ್ನದ ಊಟದ ಗಂಟೆ ಹೊಡೆದ ಮೇಲೆ, ಜಿಯಾಉದ್ದೀನ್ ಸಾಹೇಬರು ಸಿದ್ದಮ್ಮನೆಂಬ ಹೆಂಗಸಿಗೆ ಒಂದು ಮಾತು ಕೊಟ್ಟರು. ಇನ್ನು ಮುಂದೆ ತಮ್ಮ ಕೈಯಿಂದ ರಿಪೇರಿಯಾದ ಯಾವ ರೈಫಲ್ಲೂ, ಕಾಗದದ ಮೇಲೆ ಈಡು ಹೊಡೆದು ನೋಡದೆ, ಅಂಗಡಿಯ ಮೆಟ್ಟಿಲು ಇಳಿಯುವುದಿಲ್ಲ. ಆ ಕಾಗದದ ತೂತನ್ನು ಪ್ರತಿ ಭಾನುವಾರ ಅವಳ ಕಣ್ಣೆದುರು ಹಿಡಿಯುವುದನ್ನು ತಪ್ಪಿಸುವುದಿಲ್ಲ. ಮಾತಿಗೆ ಸಾಕ್ಷಿಯಾಗಿ ಯಾರೂ ಇರಲಿಲ್ಲ. ಗೇಟಿನ ಕಾವಲುಗಾರ ಬುತ್ತಿ ಬಿಚ್ಚುತ್ತಿದ್ದ. ಆದರೂ ಆ ಮಾತು ಈ ವಾರದವರೆಗೆ ನಡೆದುಕೊಂಡು ಬಂದಿದೆ.

ಈಗ ಸೋಮವಾರ, ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕ್ಯೂರಿಂಗ್ ವರ್ಕ್ಸಿನ ಹಿಂದಿನ ಓಣಿಯಲ್ಲಿ ಫೆಬ್ರವರಿಯ ಮಂಜು ಹೆಂಚಿನ ಮಟ್ಟಕ್ಕೆ ಇಳಿದು ನಿಂತಿದೆ. ಹಿತ್ತಲಿನ ಬಚ್ಚಲೊಲೆಯ ಮುಂದೆ ಸಾಹೇಬರ ಹೆಂಡತಿ ತಾಹಿರಾ ಕುಕ್ಕರುಗಾಲಿನಲ್ಲಿ ಕೂತು, ಮೊಳದುದ್ದದ ಕಬ್ಬಿಣದ ಊದುಗೊಳವೆಯಿಂದ ಬೆಂಕಿ ಊದುತ್ತಿದ್ದಾರೆ. ಹಂಡೆಯಲ್ಲಿ ನೀರು ಕುದಿಯುತ್ತಿದೆ.

"ನಮ್ಮನೇಲಿ ಮೊದಲ ಸ್ನಾನ ಕೋವಿಗೆ," ಎನ್ನುತ್ತಾರೆ ಅವರು, ಹೊಗೆಗೆ ತುಂಬಿದ ಕಣ್ಣು ಒರೆಸಿಕೊಳ್ಳುತ್ತಾ. "ಆಮೇಲೆ ಇವರಿಗೆ. ನೀರು ಉಳಿದ್ರೆ ನಂಗೆ."

"ಕೋವಿ ಸೋಪು ಕೇಳಲ್ಲ, ನೀನು ಕೇಳ್ತೀಯ," ಎಂದು ಒಳಗಿನಿಂದ ಉತ್ತರ ಬರುತ್ತದೆ. ಮನೆಯ ಭಾಷೆ ಬೇರೆಯಾದರೂ, ಹೊರಗಿನವರು ಬಂದಾಗ ಗಂಡಹೆಂಡಿರು ಕನ್ನಡದಲ್ಲೇ ಜಗಳವಾಡುತ್ತಾರೆ. ಬಂದವರಿಗೂ ಅರ್ಥವಾಗಲಿ ಎಂಬ ಮರ್ಯಾದೆ ಅದು.

ಅರವತ್ತನಾಲ್ಕು ವರ್ಷದ ಸಾಹೇಬರು ರೈಫಲ್ಲಿನ ನಳಿಗೆಗೆ ಗೋಣಿತಟ್ಟಿನ ತುಂಡು ಸುತ್ತಿ, ಎಡಗೈಯಲ್ಲಿ ನೆಟ್ಟಗೆ ಹಿಡಿಯುತ್ತಾರೆ. ಮೇಲಿನ ಬಾಯಿಗೆ ತಗಡಿನ ಲಾಳಿಕೆ ಇಟ್ಟು ಕುದಿನೀರು ಸುರಿಯುತ್ತಾರೆ. ಮೊದಲ ಚೊಂಬು ಕೆಳಗಿನ ಬಾಯಿಂದ ಮಸಿಯಾಗಿ ಇಳಿಯುತ್ತದೆ. ಎರಡನೆಯದು ಇಟ್ಟಿಗೆ ಬಣ್ಣ. ಮೂರನೆಯದು ತಿಳಿ. ಆಗಲೂ ಅವರಿಗೆ ಸಮಾಧಾನವಿಲ್ಲ, ನಾಲ್ಕನೆಯದಕ್ಕೆ ಕೈ ಚಾಚುತ್ತಾರೆ.

"ತೋಟಾ ಹಿಂದೆ ಕ್ಯಾಪ್ ಇರ್ತದಲ್ಲ, ಅದು ಸಿಡಿದಾಗ ಒಂಥರಾ ಉಪ್ಪು ಬಿಟ್ಟು ಹೋಗ್ತದೆ," ಎಂದು ವಿವರಿಸುತ್ತಾರೆ. "ಉಪ್ಪು ಎಣ್ಣೆಗೆ ಕರಗ್ತದಾ? ನೀರಿಗೇ ಕರಗಬೇಕು. ನಮ್ ತೋಟದ ದೊಡ್ಡೋರೆಲ್ಲ ಬರೀ ಎಣ್ಣೆ ಸವರಿ ಗೋಡೆಗೆ ನೇತುಹಾಕ್ಬಿಡ್ತಾರೆ. ಮಳೆ ಹಿಡೀತು ಅಂದ್ರೆ ಒಳಗಿನ ಉಪ್ಪು ಗಾಳಿಯಿಂದ ನೀರು ಕುಡ್ಕೊಂಡು ಕೂತಿರ್ತದೆ. ಗೌರಿ ಹಬ್ಬ ಮುಗಿದ ಮೇಲೆ ತರ್ತಾರೆ, ಇಣುಕಿ ನೋಡಿದ್ರೆ ಒಳಗೆಲ್ಲ ಕುಂಕುಮ."

ಈ ಬೆಳಗ್ಗೆ ಅವರ ಕೈಯಲ್ಲಿರುವುದು ಮಲ್ಲಂದೂರಿನ ಕಾಫಿ ತೋಟದ ಚಂದ್ರಶೇಖರ ಗೌಡರ ರೈಫಲ್. ಎರಡು ಮಳೆಗಾಲ ಬೀರುವಿನಲ್ಲಿ ಮಲಗಿದ್ದು ಶನಿವಾರ ಎದ್ದು ಬಂದಿದೆ. ಕಾರಣ ಹುಲಿ. ಡಿಸೆಂಬರಿನಿಂದ ಒಂಬತ್ತು ದನ ಹೋಗಿವೆ. ಹೋದ ವಾರ ಹಣ್ಣು ಕೊಯ್ಯುತ್ತಿದ್ದ ಗಿಡ್ಡಮ್ಮನೆಂಬ ಆಳಿನ ತೋಳು ಸೀಳಿದೆ. ಅವಳು ಬದುಕಿದ್ದಾಳೆ, ಆದರೆ ಆಳುಮನೆಗಳ ಸಾಲಿನ, ಅಂದರೆ ಲೈನಿನ ಜನ ಕುಕ್ಕೆ ಹಿಡಿಯಲು ಒಲ್ಲೆ ಎನ್ನುತ್ತಿದ್ದಾರೆ. ಗೌಡರು ಹತ್ತು ಗಂಟೆಗೆ ಬರುತ್ತಾರೆ. ಸಂಜೆ ಅಟ್ಟಣೆ ಹತ್ತಬೇಕು. ಜರ್ಮನಿ, ಜಪಾನಿನ ಯುದ್ಧ ಶುರುವಾದ ಮೇಲೆ ಆ ಅಳತೆಯ ತೋಟಾ ಜಿಲ್ಲೆಯ ಯಾವ ಅಂಗಡಿಯಲ್ಲೂ ಇಲ್ಲ. ಗೌಡರ ಹತ್ತಿರ ಉಳಿದಿರುವುದು ಎರಡು. ಅದರಲ್ಲೊಂದನ್ನು ಕಾಗದಕ್ಕೆ ಕೇಳಬೇಕು. ಸಾಹೇಬರು ಬೆಳಗ್ಗೆಯಿಂದ ನೀರು ಸುರಿಯುತ್ತಿರುವುದು ಬರೀ ಉಪ್ಪಿಗಾಗಿ ಅಲ್ಲ, ಆ ಕೇಳುವ ಮಾತನ್ನು ಜೋಡಿಸಿಕೊಳ್ಳುವುದಕ್ಕೂ ಇರಬೇಕು.

ಊರಿಗೆ ಇವರು 'ಕೋವಿ ಸಾಬ್ರು'. ತಂದೆ ಮಹಮ್ಮದ್ ಅವರು ಮೈಸೂರಿನಲ್ಲಿ ಸಿಪಾಯಿಗಳ ಬಂದೂಕು ರಿಪೇರಿ ಮಾಡಿಕೊಂಡಿದ್ದವರು. ಬಿಳಿ ದೊರೆಗಳು ಬೆಟ್ಟದಲ್ಲಿ ಕಾಫಿ ಹಾಕಿ, ಕಾಫಿಯ ಜೊತೆಗೆ ಶಿಕಾರಿಯನ್ನೂ ಬೆಳೆಸಿಕೊಂಡಾಗ, ಒಂದು ಪೆಟ್ಟಿಗೆ ಅರ ಮತ್ತು ಒಂದು ತಿದಿ ಹೊತ್ತು ಇಲ್ಲಿಗೆ ಬಂದರು. ಮಗ ಹನ್ನೊಂದನೇ ವಯಸ್ಸಿಗೆ ಗಜ ಹಿಡಿದ. ಗಜವೆಂದರೆ ನಳಿಗೆ ಉಜ್ಜುವ ಉದ್ದನೆಯ ಸಲಾಕೆ. ಒಂದು ರೈಫಲ್ಲಿಗೆ ಕಡಿಮೆಯೆಂದರೆ ಇನ್ನೂರು ಸಲ ಅದು ಒಳಗೆ ಹೋಗಿ ಹೊರಗೆ ಬರಬೇಕು. ಯುದ್ಧಕ್ಕೆ ಮುಂಚೆ ವಾರಕ್ಕೆ ಎರಡೋ ಮೂರೋ ರೈಫಲ್, ಐದಾರು ಜೋಡುನಳಿಗೆ ಕೋವಿ ಬರುತ್ತಿದ್ದವು. ಬಲಮೊಣಕೈ ಈಗ ಪೂರ್ತಿ ನೆಟ್ಟಗಾಗುವುದಿಲ್ಲ. ಅಂಗಿ ಹಾಕಿಕೊಳ್ಳುವಾಗ ತಾಹಿರಾ ಆ ತೋಳನ್ನು ಮಗುವಿನದ್ದೆಂಬಂತೆ ತೂರಿಸಿ ಕೊಡುತ್ತಾರೆ.

ಜೋಡುನಳಿಗೆ ಕೋವಿಯ ಒಳಗು ನುಣುಪು. ಚರೆ ಹೊಡೆಯುವ ಆ ಕೋವಿಗೆ ಅಷ್ಟು ಸಾಕು. ಒಂದೇ ಗುಂಡು ಹಾರಿಸುವ ರೈಫಲ್ಲಿನ ಒಳಗೆ ಮಾತ್ರ ಬಳ್ಳಿ ಮರಕ್ಕೆ ಸುತ್ತಿದ ಹಾಗೆ ಗೀರುಗಳು ತಿರುಗುತ್ತಾ ಹೋಗಿರುತ್ತವೆ. ಗುಂಡು ಆ ಗೀರು ಹಿಡಿದು ಬುಗುರಿಯಂತೆ ತಿರುಗುತ್ತಾ ಹೊರಬೀಳುತ್ತದೆ. ತಿರುಗುವವರೆಗೆ ಬುಗುರಿ ನೆಟ್ಟಗೆ ನಿಲ್ಲುವಂತೆ, ತಿರುಗುವ ಗುಂಡು ನೆಟ್ಟಗೆ ಹೋಗುತ್ತದೆ. ಇಷ್ಟು ಎಲ್ಲ ಶಿಕಾರಿಗಳಿಗೂ ಗೊತ್ತು. ಗೀರುಗಳಲ್ಲೂ ಜಾತಿ ಇದೆ ಎನ್ನುವುದು, ಒಂದೊಂದು ಜಾತಿಗೆ ಒಂದೊಂದು ಗುಣ, ಒಂದೊಂದು ರೋಗ ಎನ್ನುವುದು ಇಡೀ ಜಿಲ್ಲೆಯಲ್ಲಿ ಈ ಓಣಿಗೆ ಮಾತ್ರ ಗೊತ್ತು ಎಂದರೆ ಹೆಚ್ಚಲ್ಲ.

ಸಾಹೇಬರ ಲೆಕ್ಕದಲ್ಲಿ ಮುಖ್ಯವಾಗಿ ಎರಡು. ಒಂದು ದುಂಡು ಗೀರು, ಇನ್ನೊಂದು ಚೌಕ ಗೀರು. ಪುಸ್ತಕದವರು ಮೊದಲನೆಯದನ್ನು ಮೆಟ್‌ಫರ್ಡ್ ಎಂದೂ ಎರಡನೆಯದನ್ನು ಎನ್‌ಫೀಲ್ಡ್ ಎಂದೂ ಕರೆಯುತ್ತಾರೆ. ದುಂಡು ಗೀರು ತೆಳು, ಅಂಚಿಲ್ಲದ್ದು, ಸಾಮಾನ್ಯವಾಗಿ ಏಳು. ಹಳೆಯ ಕರಿಮದ್ದು ರಾಶಿ ಮಸಿ ಬಿಡುತ್ತಿತ್ತು. ಮೂಲೆಯೇ ಇಲ್ಲದಿದ್ದರೆ ಮಸಿ ಎಲ್ಲಿ ಕೂರಬೇಕು? ಅದಕ್ಕೇ ಹಾಗೆ ಮಾಡಿದ್ದು. ಆಮೇಲೆ ಹೊಸ ಮದ್ದು ಬಂತು. ತೋಟಾ ಬಿಚ್ಚಿದರೆ ಒಳಗೆ ಎಳೆಎಳೆಯಾಗಿರುವ ಅದಕ್ಕೆ ಸಾಹೇಬರು ಇಟ್ಟ ಹೆಸರು ಶಾವಿಗೆ ಮದ್ದು. ಹೊಗೆ ಕಡಿಮೆ, ಮಸಿ ಕಡಿಮೆ, ಬಿಸಿ ಮಾತ್ರ ವಿಪರೀತ. ಆ ಬಿಸಿಗೆ ತೆಳು ಗೀರು ನೆಕ್ಕಿಸಿಕೊಂಡ ಬೆಲ್ಲದಂತೆ ಸವೆಯುತ್ತದೆ. ಚೌಕ ಗೀರು ಆಳ, ಐದೇ ಐದು. ಎಷ್ಟು ಬಿಸಿ ಬಿದ್ದರೂ ಬಹುಕಾಲ ಬಾಳುತ್ತದೆ. ಆದರೆ ಅದರ ಮೂಲೆಮೂಲೆಯಲ್ಲೂ ಮಸಿ, ಗುಂಡಿನ ಮೇಲ್ಹೊದಿಕೆಯ ಲೋಹದ ಸಿಪ್ಪೆ, ತುಕ್ಕು ಎಲ್ಲ ಮನೆ ಮಾಡಿಕೊಂಡಿರುತ್ತವೆ. ಅದನ್ನು ಕೀಳಲು ಅಮೋನಿಯಾ ತುಂಬಿಸಿ ಬೆಂಡು ಜಡಿಯಬೇಕು. ಲೋಹ ಕರಗಿದರೆ ನೀರು ನೀಲಿ ತಿರುಗುತ್ತದೆ. ನೀಲಿ ಬರುವುದು ನಿಂತಾಗ ಸಿಪ್ಪೆ ಮುಗಿಯಿತೆಂದು ಅರ್ಥ. ಗೌಡರ ರೈಫಲ್ ಭಾನುವಾರ ಇಡೀ ದಿನ ನೀಲಿ ಕಾರಿದೆ.

"ತಾಹಿರಾನ ಕೇಳಿ," ಎನ್ನುತ್ತಾರೆ ಸಾಹೇಬರು. "ಚೊಂಬು ತೊಳೆಯೋದು ಸುಲಭ, ಚೌಕ ಡಬ್ಬಿ ತೊಳೆಯೋದು ಕಷ್ಟ. ಬೆರಳು ಮೂಲೆಗೆ ಹೋಗಲ್ಲ. ನಂಗೂ ಮೂವತ್ತು ವರ್ಷ ಮೂಲೆ ಕಂಡ್ರೆ ಆಗ್ತಿರಲಿಲ್ಲ. ಮಸಿ ಹಿಡಿಯೋ ಮೂಲೆನೇ ಗುಂಡನ್ನೂ ಹಿಡಿಯೋದು ಅಂತ ತಿಳಿಯೋ ಹೊತ್ತಿಗೆ ಒಂದು ಜೀವ ಹೋಗಿತ್ತು."

ಆ ಕಥೆಗೆ ಮೊದಲು ಒಂದು ನಗುವಿನ ಕಥೆಯಿದೆ. ನಗುವಿನದ್ದಿಲ್ಲದಿದ್ದರೆ ಅಳುವಿನದ್ದು ಆಗುತ್ತಲೇ ಇರಲಿಲ್ಲವೇನೋ.

ಅತ್ತಿಗುಂಡಿ ಕಡೆಯ ತೋಟದ ಒಬ್ಬ ಬಿಳಿ ದೊರೆ ಒಮ್ಮೆ ಒಂದು ರೈಫಲ್ ತಂದಿದ್ದ. ಇಣುಕಿದರೆ ಒಳಗೆ ಒಂದು ಗೀರೂ ಇಲ್ಲ, ಬರೀ ನುಣುಪು. ಇಪ್ಪತ್ತೊಂಬತ್ತು ವರ್ಷದ, ಹುರುಪಿನ ಜಿಯಾಉದ್ದೀನ್, "ಇದರ ಆಯಸ್ಸು ಮುಗೀತು ದೊರೆ, ಗೀರೆಲ್ಲ ಸವೆದು ಹೋಗಿದೆ," ಎಂದರು. ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಅವರನ್ನು ತೋಟದ ತನ್ನ ಬಂಗಲೆಯ ಹಿಂದಕ್ಕೆ ಕರೆದುಕೊಂಡು ಹೋಗಿ, ಎಂಬತ್ತು ಹೆಜ್ಜೆ ದೂರದಲ್ಲಿ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ನಿಲ್ಲಿಸಿ ಐದು ಈಡು ಹೊಡೆದ. ಐದೂ ತೂತು ಒಂದು ಅಂಗೈ ಮುಚ್ಚುವಷ್ಟು ಜಾಗದಲ್ಲಿ ಬಿದ್ದವು. ಆ ನಳಿಗೆಯ ಒಳಗು ಪೂರ್ತಿ ದುಂಡಗಿರಲಿಲ್ಲ. ಕೂದಲೆಳೆಯಷ್ಟು ಮೊಟ್ಟೆಯಾಕಾರ, ಆ ಮೊಟ್ಟೆಯೇ ಒಳಗೆ ತಿರುಗುತ್ತಾ ಹೋಗಿತ್ತು. ಗೀರು ಮಾಡುವ ಕೆಲಸವನ್ನು ಆಕಾರವೇ ಮಾಡುತ್ತಿತ್ತು. ಮಸಿಗೆ ಕೂರಲು ಜಾಗವೇ ಇಲ್ಲ, ಒಂದು ಚಿಂದಿ ಎಳೆದರೆ ಫಳಫಳ.

"ಅವತ್ತಿಂದ ನನ್ನ ತಲೇಲಿ ಒಂದು ಕೂತ್ಬಿಡ್ತು. ನುಣುಪಾಗಿದ್ರೂ ಗುರಿ ಇರ್ತದೆ ಅಂತ. ದೊರೆ ನಕ್ಕಿದ್ದು ಮರೀಲಿಲ್ಲ ನಾನು. ಇನ್ನೊಂದ್ಸಲ ನಗಿಸ್ಕೋಬಾರ್ದು ಅಂದ್ಕೊಂಡೆ."

ಆ ಕಾಲದಲ್ಲಿ ಅವರ ಬಾಯಲ್ಲಿ ಒಂದು ಪದವಿತ್ತು: ಕನ್ನಡಿ. ಉಜ್ಜಿ, ತೊಳೆದು, ಬೆಳಕಿಗೆ ಹಿಡಿದು, "ಕನ್ನಡಿ ಆಯ್ತು, ತಗೊಂಡ್ ಹೋಗಿ," ಎಂದರೆ ಮುಗಿಯಿತು. ಗಿರಾಕಿಗಳು ಆ ಪದ ಕೇಳಲೆಂದೇ ಕಾಯುತ್ತಿದ್ದರು. ಮದುವೆ ಮನೆಗಳಲ್ಲೂ "ಸಾಬ್ರ ಕನ್ನಡಿ" ಎಂದು ತಮಾಷೆ ಹುಟ್ಟಿತ್ತು.

೧೯೨೧ರಲ್ಲಿ ಚಂದ್ರಶೇಖರ ಗೌಡರ ತಂದೆ ಭೈರೇಗೌಡರು ತಮ್ಮ ರೈಫಲ್ ತಂದರು. ತೋಟ ಮಾರಿ ಹೋದ ದೊರೆಯೊಬ್ಬನಿಂದ ಕೊಂಡದ್ದು. ಒಂದು ಸಲಕ್ಕೆ ಒಂದೇ ತೋಟಾ ಹಿಡಿಯುವಂಥದ್ದು, ದುಂಡು ಗೀರಿನದು, ಕರಿಮದ್ದಿಗೆಂದು ಮಾಡಿದ್ದು. ಗೌಡರು ಏಳೆಂಟು ವರ್ಷದಿಂದ ಅದಕ್ಕೆ ಶಾವಿಗೆ ಮದ್ದಿನ ತೋಟಾ ತಿನ್ನಿಸುತ್ತಿದ್ದರು. ಆಗಲೂ ಕಾರಣ ಒಂದು ಹುಲಿ. ಸಾಹೇಬರು ಗಜ ತೂರಿಸಿದರು. ಬೆಣ್ಣೆಯಲ್ಲಿ ಹೋದಂತೆ ಹೋಯಿತು. ಮೊದಲ ಚಿಂದಿಯೇ ಬೆಳ್ಳಗೆ ಹೊರಬಂತು. ಬೆಳಕಿಗೆ ಹಿಡಿದರೆ ಒಳಗೆ ಹೊಳಪೋ ಹೊಳಪು.

"ಗೀರು ಕಾಣ್ತಾನೇ ಇಲ್ವಲ್ಲ ಸಾಬ್ರೇ?" ಎಂದರಂತೆ ಭೈರೇಗೌಡರು.

"ದುಂಡು ಗೀರು ಹಾಗೇ ಗೌಡ್ರೇ. ನಿಮಗೆ ಕಾಣಲ್ಲ, ಗುಂಡಿಗೆ ಕಾಣ್ತದೆ. ಕನ್ನಡಿ ಇದೆ, ತಗೊಂಡ್ ಹೋಗಿ."

ಮಸಿ ನಿಲ್ಲದಿದ್ದದ್ದು ನಳಿಗೆ ಚೊಕ್ಕಟವಾಗಿದ್ದರಿಂದಲ್ಲ. ಹಿಡಿದುಕೊಳ್ಳಲು ಒಳಗೆ ಗೀರೇ ಉಳಿದಿರಲಿಲ್ಲ. ಮೂರನೇ ದಿನ ಮಲ್ಲಂದೂರಿನ ಮೇಲಿನ ಕಾಡಿನಲ್ಲಿ, ಅರವತ್ತು ಹೆಜ್ಜೆ ದೂರದಿಂದ ಭುಜಕ್ಕೆಂದು ಬಿಟ್ಟ ಗುಂಡು ಹುಲಿಯ ಹಿಂಗಾಲಿಗೆ ಬಿತ್ತು. ಗೌಡರು ಎರಡನೇ ತೋಟಾ ತುಂಬುವಷ್ಟರಲ್ಲಿ, ಹೆಜ್ಜೆಗುರುತು ಹಿಡಿದು ಮುಂದೆ ಹೋಗಿದ್ದ ಈರಯ್ಯನ ಮೇಲೆ ಹುಲಿ ಬಿತ್ತು. ಈರಯ್ಯ ತೋಟದ ಆಳು, ಸಿದ್ದಮ್ಮನ ಗಂಡ. ಮೂರು ದಿನ ಇದ್ದು ಹೋದ.

ಯಾರೂ ಸಾಹೇಬರನ್ನು ದೂರಲಿಲ್ಲ. ಭೈರೇಗೌಡರು ತಪ್ಪು ತಮ್ಮದೇ, ಎರಡನೇ ಈಡು ತಡವಾಯಿತೆಂದೇ ಸಾಯುವವರೆಗೆ ನಂಬಿದ್ದರು. ತಿಂಗಳ ಮೇಲೆ ಅವರು ರೈಫಲ್ಲನ್ನು ಅಂಗಡಿಯ ಹಲಗೆಯ ಮೇಲಿಟ್ಟು, "ಇದನ್ನ ಕಣ್ಣಿಂದ ನೋಡಕ್ಕಾಗಲ್ಲ, ಏನಾದ್ರೂ ಮಾಡಿ," ಎಂದು ಹೊರಟುಬಿಟ್ಟರು. ಯಾಕೋ ಸಾಹೇಬರಿಗೆ ಮನಸ್ಸು ತಡೆಯಲಿಲ್ಲ. ಊರಾಚೆಯ ಕಲ್ಲುಗುಂಡಿಗೆ ಹೋಗಿ, ದಿಬ್ಬಕ್ಕೆ ಕಾಗದ ಅಂಟಿಸಿ ಮೂರು ಈಡು ಹೊಡೆದರು. ಒಂದು ತೂತು ಎಡಮೂಲೆ, ಒಂದು ಕೆಳಗೆ, ಒಂದು ಕಾಗದವನ್ನೇ ಮುಟ್ಟಲಿಲ್ಲ. ಬಿದ್ದ ಎರಡೂ ದುಂಡಗಿರಲಿಲ್ಲ. ಗುಂಡು ತಿರುಗದೆ, ಅಡ್ಡಡ್ಡ ಮಗುಚಿಕೊಂಡು ಹೋಗಿ, ಕಾಗದವನ್ನು ಉದ್ದಕ್ಕೆ ಸೀಳಿತ್ತು.

ಸತ್ಯ ಗೊತ್ತಿದ್ದದ್ದು ಅವರೊಬ್ಬರಿಗೇ. ಮುಚ್ಚಿಟ್ಟರೆ ಕೇಳುವವರಿರಲಿಲ್ಲ. ಕಾಗದ ಮಡಚಿ ಜೇಬಿನಲ್ಲಿಟ್ಟುಕೊಂಡು ಕ್ಯೂರಿಂಗ್ ವರ್ಕ್ಸಿನ ಗೇಟಿಗೆ ಹೋದರು. ಸಿದ್ದಮ್ಮ ತೋಟದ ಲೈನು ಬಿಟ್ಟು ಅಲ್ಲಿ ಬೀಜ ಆರಿಸುವ ಕೆಲಸಕ್ಕೆ ಸೇರಿ ಹದಿನೈದು ದಿನವಾಗಿತ್ತಷ್ಟೆ. ಕಾಫಿ ಹಣ್ಣಿನಲ್ಲಿ ಸಾಮಾನ್ಯವಾಗಿ ಎರಡು ಚಪ್ಪಟೆ ಬೀಜವಿರುತ್ತವೆ, ಅದು ಫ್ಲ್ಯಾಟ್. ಅಪರೂಪಕ್ಕೆ ಒಂದೇ ಒಂದು ದುಂಡನೆಯದಿರುತ್ತದೆ, ಅದು ಪೀಬೆರಿ. ದಿನವಿಡೀ ಅವೆರಡನ್ನೂ ಬೇರೆ ಮಾಡುವುದು ಅವಳ ಕೆಲಸ.

ಸಾಹೇಬರು ಕಾಗದ ಬಿಚ್ಚಿ ತೋರಿಸಿ ಎಲ್ಲವನ್ನೂ ಹೇಳಿದರು. ಅವಳು ಬಹಳ ಹೊತ್ತು ತೂತನ್ನೇ ನೋಡಿದಳು.

"ಇದು ಫ್ಲ್ಯಾಟು," ಎಂದಳು.

"ಹೂಂ ತಾಯಿ. ದುಂಡಗೆ ಬೀಳಬೇಕಿತ್ತು."

"ಪೀಬೆರಿ ಹಂಗೆ?"

"ಹಂಗೇ."

"ಕೊಡೋಕ್ ಮುಂಚೆ ಹೊಡೆದು ನೋಡಿದ್ರೆ ಗೊತ್ತಾಗ್ತಿತ್ತಾ ಸಾಬ್ರೇ?"

ಆ ಪ್ರಶ್ನೆಗೆ ಉತ್ತರವಾಗಿಯೇ ಸಾಹೇಬರು ಮಾತು ಕೊಟ್ಟದ್ದು. "ನಂಗ್ಯಾಕೆ ತೋರಿಸ್ತೀರಿ, ನಂಗೇನು ತಿಳೀತದೆ?" ಎಂದು ಅವಳು ಕೇಳಿದಳು. "ನಿನ್ನೆದುರು ನಂಗೆ ಸುಳ್ಳು ಹೇಳಕ್ಕಾಗಲ್ಲ, ಅದಕ್ಕೆ," ಎಂದರು ಇವರು. ಆಮೇಲೆ ಭೈರೇಗೌಡರಿಗೂ ವಿಷಯ ತಿಳಿಸಿ, ಅವರ ಒಪ್ಪಿಗೆ ಪಡೆದು ಆ ನಳಿಗೆಯನ್ನು ಗರಗಸದಿಂದ ಕೊಯ್ದು ಹಾಕಿದರು. ತಾಹಿರಾ ಬೆಳಗಿನ ಒಲೆ ಊದುವ ಕೊಳವೆ ಅದರದೇ ಒಂದು ತುಂಡು. ಒಳಗೆ ಈಗಲೂ ಕನ್ನಡಿಯಂತಿದೆ. ಆದರೆ ಆ ಪದ ಈ ಮನೆಯಲ್ಲಿ ಗೋಡೆಯ ಮೇಲಿನ ಕನ್ನಡಿಗೆ ಬಿಟ್ಟು ಬೇರೆ ಯಾವುದಕ್ಕೂ ಬಳಕೆಯಲ್ಲಿಲ್ಲ.

ಅಂದಿನಿಂದ ರೈಫಲ್ಲಿಗೆ ಮೂರು ಈಡು, ಬೆಳಗಿನ ಜಾವ, ಗಾಳಿ ಏಳುವ ಮುಂಚೆ. ಗಿರಾಕಿಗಳು ಗೊಣಗಿದರು. ಕೆಲವರು ಬೇರೆ ಊರಿಗೆ ಹೋದರು. "ನಮ್ ಕೋವಿಗೆ ಪರೀಕ್ಷೆ ಮಾಡಕ್ಕೆ ಇವರ್ಯಾರು, ಹೆಡ್ಮಾಷ್ಟ್ರಾ?" ಎಂದವರೂ ಇದ್ದರು. ಭಾನುವಾರ ಮಧ್ಯಾಹ್ನ ಸಾಹೇಬರು ಕೋಟೆ ಕಡೆಯ ಸಿದ್ದಮ್ಮನ ಮನೆಯ ಜಗಲಿಯಲ್ಲಿ ಕೂರುತ್ತಾರೆ. ಅವಳು ಒಂದೊಂದೇ ಕಾಗದವನ್ನು ಬೆಳಕಿಗೆ ಹಿಡಿದು, ತೂತಿನ ಅಂಚಿನ ಸುತ್ತ ಕಿರುಬೆರಳಾಡಿಸಿ, "ಪೀಬೆರಿ... ಪೀಬೆರಿ..." ಎನ್ನುತ್ತಾ ಪಕ್ಕಕ್ಕಿಡುತ್ತಾಳೆ. ಇಷ್ಟು ವರ್ಷದಲ್ಲಿ ಹದಿನಾಲ್ಕು ಸಲ 'ಫ್ಲ್ಯಾಟ್' ಬಿದ್ದಿದೆ. ಆ ಹದಿನಾಲ್ಕು ರೈಫಲ್ಲುಗಳನ್ನು ಸಾಹೇಬರು ಸರಿಯಿಲ್ಲವೆಂದು ಹೇಳಿ ಮಾಲೀಕರ ಬೈಗುಳ ತಿಂದಿದ್ದಾರೆ. ತೂತು ಬಿದ್ದ ಕಾಗದಗಳೆಲ್ಲ ಏನಾದವು ಎಂದು ಕೇಳಿದರೆ ಸಿದ್ದಮ್ಮನಿಗೆ ಆಶ್ಚರ್ಯ. "ಒಲೆ ಹಚ್ಚಿದೆ. ಇನ್ನೇನು ಫ್ರೇಮ್ ಹಾಕ್ಸಲಾ?"

ಯುದ್ಧ ಬಂದ ಮೇಲೆ ಕಾಗದವೂ ಸಿಗುವುದಿಲ್ಲ. ಈಗ ಹಳೆಯ ಪತ್ರಿಕೆಯೇ ಗುರಿ ಹಲಗೆ. ತೋಟಾ ಸಿಗುವುದು ಕಡಿಮೆಯಾದಾಗ ಸಾಹೇಬರು ಸಿದ್ದಮ್ಮನ ಜಗಲಿಗೆ ಹೋಗಿ, "ಮೂರರ ಬದಲು ಒಂದು ಈಡು ಸಾಕಾ?" ಎಂದು ಕೇಳಿದ್ದರು. ಅವಳು ಯೋಚಿಸಿ, "ಒಂದಾದ್ರೂ ಇರ್ಲಿ," ಎಂದಿದ್ದಳು. ಹಾಗೆ ಮಾತು ಸವೆದು ಒಂದಕ್ಕೆ ಬಂದು ನಿಂತಿದೆ.

ಹತ್ತು ಗಂಟೆಗೆ ಸರಿಯಾಗಿ ಚಂದ್ರಶೇಖರ ಗೌಡರ ಕಾರು ಓಣಿಯ ಬಾಯಲ್ಲಿ ನಿಲ್ಲುತ್ತದೆ. ನಲವತ್ತರ ಆಸುಪಾಸಿನವರು, ಮೂರು ದಿನದಿಂದ ನಿದ್ದೆಯಿಲ್ಲದ ಮುಖ. ಬಂದವರೇ ಕೂರದೆ ಕೇಳುತ್ತಾರೆ, "ಆಯ್ತಾ ಸಾಬ್ರೇ?"

"ತೊಳೆದಾಯ್ತು. ಕಾಗದ ಬಾಕಿ ಇದೆ. ಎರಡ್ರಲ್ಲಿ ಒಂದು ತೋಟಾ ಕೊಡಿ ಗೌಡ್ರೇ, ಕಲ್ಲುಗುಂಡಿಗೆ ಹೋಗಿ ಅರ್ಧ ಗಂಟೇಲಿ ಬಂದ್ಬಿಡ್ತೀನಿ."

"ಏನ್ ಹೇಳ್ತಿದೀರಿ ಮಾರಾಯ್ರೇ! ಇರೋದೇ ಎರಡು."

"ಇನ್ನೂರೆಕರೆ ತೋಟ ಇದೆ ನಿಮಗೆ. ತೋಟಾ ಮಾತ್ರ ಎರಡೇನಾ?"

ಗೌಡರಿಗೆ ನಗು ಬರುವುದಿಲ್ಲ. ಸಾಹೇಬರೂ ನಗುವುದಿಲ್ಲ. ಗೌಡರು ಹಲಗೆಯ ಅಂಚಿಗೆ ಎರಡೂ ಕೈ ಊರುತ್ತಾರೆ.

"ಸಾಬ್ರೇ, ನಮ್ಮಪ್ಪಯ್ಯ ಯಾಕೆ ಸೋತ್ರು? ಕೈಯಲ್ಲಿ ಎರಡನೇ ಈಡು ತಯಾರಿರಲಿಲ್ಲ. ಇದ್ದಿದ್ರೆ ಈರಯ್ಯ ಉಳೀತಿದ್ದ. ಇಪ್ಪತ್ತು ವರ್ಷ ಅದೊಂದೇ ಮಾತು ಹೇಳ್ಕೊಂಡು ಸತ್ರು ಅವ್ರು. ಒಂದೇ ತೋಟಾ ಇಟ್ಕೊಂಡು ಮರ ಹತ್ತಬೇಡ ಮಗಾ ಅಂತ."

"ಅವ್ರು ಸೋತಿದ್ದು ಮೊದಲನೇ ಈಡಿಗೆ ಗೌಡ್ರೇ."

"ಆ ಕೋವಿ ಬೇರೆ, ಇದು ಬೇರೆ. ಚೌಕ ಗೀರಿಂದೇ ತಗೊಳ್ಳಿ ಅಂತ ಆರಿಸಿ ಕೊಟ್ಟೋರು ಯಾರು? ನೀವೇ ತಾನೇ?"

ಸಾಹೇಬರು ಹಲಗೆಯ ಕೆಳಗಿನ ಡಬ್ಬಿಗೆ ಕೈ ಹಾಕುತ್ತಾರೆ. ಮೆತ್ತನೆಯ ಸೀಸದ ಒಂದು ಗುಂಡನ್ನು ತೆಗೆದು ನಳಿಗೆಯ ಬಾಯಿಗಿಟ್ಟು, ಮರದ ಸುತ್ತಿಗೆಯಿಂದ ತಟ್ಟಿ ಕೂರಿಸಿ, ಗಜದಿಂದ ಮೆಲ್ಲಗೆ ಒಳಗೆ ತಳ್ಳುತ್ತಾರೆ. ಕಣ್ಣು ಮುಚ್ಚಿದ್ದಾರೆ. ಗಜ ಕೈಯಲ್ಲಿ ತಾನಾಗಿ ತಿರುಗುತ್ತಾ ಹೋಗುತ್ತದೆ. ಎಲ್ಲ ಕಡೆ ಒಂದೇ ಹಿಡಿತ, ಎಲ್ಲೂ ಜಾರುವುದಿಲ್ಲ, ಎಲ್ಲೂ ತಡೆಯುವುದಿಲ್ಲ. ಆ ಕಡೆಯಿಂದ ಬಿದ್ದ ಸೀಸವನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಅದರ ಮೈಮೇಲೆ ಐದು ಏಣುಗಳು, ಅಂಚು ಚೂಪಾಗಿ, ಅಚ್ಚಿನಿಂದ ತೆಗೆದ ಹಾಗೆ ಮೂಡಿವೆ.

"ಹೇಗಿದೆ?" ಎನ್ನುತ್ತಾರೆ ಗೌಡರು.

"ಹಿಡಿತ ಇದೆ."

"ಅಷ್ಟು ಸಾಕಲ್ವಾ?"

ಹೊರಗೆ ಕ್ಯೂರಿಂಗ್ ವರ್ಕ್ಸಿನ ಅಂಗಳದಲ್ಲಿ ಸಿಪ್ಪೆ ಬಿಡಿಸದ ಪಾರ್ಚ್‌ಮೆಂಟ್ ಕಾಫಿ ಹರಡುವ ಹಲುಬೆಗಳ ಸದ್ದು. ಸಾಹೇಬರು ಸೀಸವನ್ನು ಅಂಗೈಯಲ್ಲಿ ತಿರುಗಿಸುತ್ತಲೇ ಇದ್ದಾರೆ. "ಮರದ ಕೆಳಗೆ ಯಾರನ್ನ ನಿಲ್ಲಿಸ್ತೀರಿ?" ಎಂದು ಕೇಳುತ್ತಾರೆ.

"ಯಾರನ್ನೂ ಇಲ್ಲ. ದೇವರಾಣೆ. ಬೆಳಗಾಗೋ ತನಕ ಯಾರೂ ಆ ಕಡೆ ಸುಳಿಯಲ್ಲ."

ಹನ್ನೊಂದು ಗಂಟೆ ಹೊಡೆಯುತ್ತದೆ. ಸಾಹೇಬರು ನಳಿಗೆಗೆ ತೆಳುವಾಗಿ ಎಣ್ಣೆ ಸವರಿ, ಮತ್ತೆ ಒಣಬಟ್ಟೆಯಲ್ಲಿ ಒರೆಸಿ, ರೈಫಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಗೌಡರಿಗೆ ಕೊಡುತ್ತಾರೆ. ಬಾಗಿಲವರೆಗೂ ಹೋಗುವುದಿಲ್ಲ. ಒಳಬಾಗಿಲ ಸಂದಿನಿಂದ ನೋಡುತ್ತಿದ್ದ ತಾಹಿರಾ ಅಡಿಗೆಮನೆಗೆ ತಿರುಗುತ್ತಾರೆ.

ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಸುದ್ದಿ ಊರೆಲ್ಲ ಹರಡಿತ್ತು. ಹುಲಿ ಸೂರ್ಯ ಮುಳುಗುವ ಹೊತ್ತಿಗೆ ಬಂದಿದೆ, ಗುಂಡು ಭುಜದ ಹಿಂದೆ ಬಿದ್ದಿದೆ, ನಿಂತಲ್ಲಿಂದ ಎರಡು ಹೆಜ್ಜೆಯನ್ನೂ ಎತ್ತಿಡಲಿಲ್ಲ. ಮಲ್ಲಂದೂರಿನ ಲೈನಿನಲ್ಲಿ ಅವತ್ತು ರಜೆ, ಹಬ್ಬದಡಿಗೆ. ಗೌಡರು ಸ್ವತಃ ಓಣಿಗೆ ಬಂದು ಸಾಹೇಬರ ಕೈ ಹಿಡಿದುಕೊಂಡರು.

"ಒಂದೇ ಈಡು ಸಾಬ್ರೇ! ಎರಡನೇದು ಬೇಕಾಗ್ಲೇ ಇಲ್ಲ." ಜೇಬಿನಿಂದ ಉಳಿದ ತೋಟಾ ತೆಗೆದು ಹಲಗೆಯ ಮೇಲಿಟ್ಟರು. "ತಗೊಳ್ಳಿ, ಈಗ ಬೇಕಾದ್ರೆ ನಿಮ್ ಕಾಗದಕ್ಕೆ ಹೊಡ್ಕೊಳ್ಳಿ."

ಗೌಡರು ಹೇಳಿದ್ದು ಸಂತೋಷಕ್ಕೆ. ಸಾಹೇಬರು ಆ ತೋಟಾವನ್ನು ನೋಡಿದರು. ಒಂದು ಕಾಗದಕ್ಕೆ, ಒಂದು ಹುಲಿಗೆ. ಸೋಮವಾರ ಅವರು ಕೇಳಿದ್ದ ಲೆಕ್ಕ ಅದೇ ಆಗಿತ್ತು. ಅದನ್ನು ಗೌಡರ ಜೇಬಿಗೆ ವಾಪಸು ಹಾಕಿ, "ಇಟ್ಕೊಳ್ಳಿ, ಇನ್ನೊಂದು ಹುಲಿ ಬಂದ್ರೆ ಬೇಕಾಗ್ತದೆ," ಎಂದರು. ಶಹಭಾಸ್ ಹೇಳಲು ಬಂದ ಅಕ್ಕಪಕ್ಕದವರಿಗೆ ಚಹಾ ಕೊಡಿಸಿ ಕಳಿಸಿದರು.

ಭಾನುವಾರ ಸಿದ್ದಮ್ಮನ ಜಗಲಿ. ಅವಳಿಗೀಗ ಐವತ್ತು ದಾಟಿದೆ. ಬೀಜ ಆರಿಸಿ ಆರಿಸಿ ಬೆರಳ ತುದಿಗಳು ನುಣ್ಣಗಾಗಿವೆ. ಹುಲಿ ಸತ್ತ ಸುದ್ದಿ ಅವಳಿಗೂ ಗೊತ್ತು. ಗಿಡ್ಡಮ್ಮ ಅವಳ ಹಳೆಯ ನೆರೆಯವಳು. "ಒಳ್ಳೇದಾಯ್ತು ಬಿಡಿ," ಎಂದು ಹೇಳಿ, ಬೆಲ್ಲದ ಕಾಫಿ ಕೊಟ್ಟು, ಎಂದಿನಂತೆ ಕೈ ಚಾಚುತ್ತಾಳೆ.

ಸಾಹೇಬರು ಅವಳ ಅಂಗೈಯಲ್ಲಿ ಸೀಸದ ತುಂಡನ್ನಿಡುತ್ತಾರೆ. ಎಲ್ಲವನ್ನೂ ಹೇಳುತ್ತಾರೆ, ಏನನ್ನೂ ಬಿಡದೆ. ಐದು ಏಣುಗಳನ್ನು ಉಗುರಿನಿಂದ ತೋರಿಸುತ್ತಾರೆ. ಇದು ಕಾಗದಕ್ಕಿಂತ ಕಡಿಮೆಯ ಸಾಕ್ಷಿಯಲ್ಲ, ಗೀರು ಹೇಗಿದೆಯೆಂದು ಇದಕ್ಕಿಂತ ಚೆನ್ನಾಗಿ ಯಾವುದೂ ಹೇಳುವುದಿಲ್ಲ ಎನ್ನುತ್ತಾರೆ. ಅದು ನಿಜವೂ ಹೌದು.

ಸಿದ್ದಮ್ಮ ಸೀಸವನ್ನು ಹೊರಳಿಸಿ ನೋಡುತ್ತಾಳೆ. ಬೆಳಕಿಗೆ ಹಿಡಿಯುತ್ತಾಳೆ. ಅದರಾಚೆ ಏನೂ ಕಾಣುವುದಿಲ್ಲ.

"ಸೀಸ ಓದಕ್ಕೆ ನಂಗೆ ಬರಲ್ಲ ಸಾಬ್ರೇ. ತೂತು ಬರ್ತದೆ."

"ಹುಲಿ ಬಿತ್ತಲ್ಲ ತಾಯಿ."

"ಬಿತ್ತು. ಬೀಳದೇ ಇದ್ದಿದ್ರೂ ನೀವು ಈ ಸೀಸನೇ ತರ್ತಿದ್ರಲ್ವಾ?"

ಸಾಹೇಬರು ಕಾಫಿ ಲೋಟವನ್ನು ಕೆಳಗಿಡುತ್ತಾರೆ. ಅವಳ ದನಿಯಲ್ಲಿ ಕೋಪವಿಲ್ಲ. ಗೇಟಿನ ಮುಂದೆ ಅವತ್ತು ಕೇಳಿದ ಪ್ರಶ್ನೆಯಲ್ಲೂ ಇರಲಿಲ್ಲ. ಸೀಸವನ್ನು ಅವಳು ಅವರ ಪಕ್ಕದಲ್ಲೇ ಜಗಲಿಯ ಮೇಲಿಟ್ಟು, "ಮುಂದಿನ ವಾರ ಕಾಗದ ತನ್ನಿ," ಎಂದು ಮೊರ ಎತ್ತಿಕೊಳ್ಳುತ್ತಾಳೆ.

ಇನ್ನೇನು ಆಸೆಯಿದೆ ಎಂದು ಕೇಳಿದರೆ ಸಾಹೇಬರು ಮೊಣಕೈ ನೀವಿಕೊಳ್ಳುತ್ತಾರೆ. "ಯುದ್ಧ ಮುಗೀಲಿ. ಗೌಡ್ರ ರೈಫಲ್ಲಿಗೆ ಮೂರು ತೋಟಾ ಸಿಗ್ಲಿ. ಕಲ್ಲುಗುಂಡೀಲಿ ಮೂರೂ ಹೊಡೆದು ಆ ಕಾಗದ ಒಯ್ದು ಕೊಡ್ತೀನಿ. ದುಂಡಗೇ ಬೀಳ್ತವೆ, ನಂಗೊತ್ತು." ಗಜವನ್ನು ಗೋಡೆಗೆ ಒರಗಿಸುತ್ತಾ ಹೇಳುತ್ತಾರೆ, "ಕನ್ನಡಿ ಅಂದಾಗ್ಲೂ ನಂಗೊತ್ತು ಅಂತಾನೇ ಅಂದಿದ್ದೆ."

ಆ ರೈಫಲ್ ಕಾಗದವಿಲ್ಲದೆ ಮೆಟ್ಟಿಲು ಇಳಿಯಿತು. ೧೯೨೧ರಲ್ಲಿ ಸಿದ್ದಮ್ಮನಿಗೆ ಕೊಟ್ಟ ಮಾತು ೧೯೪೪ರ ಫೆಬ್ರವರಿಯ ಒಂದು ಸೋಮವಾರ, ಹನ್ನೊಂದು ಗಂಟೆಗೆ ಮುರಿಯಿತು.